ಶೇಖವ್ವ ಪುಡಿಯನ್ನು ಪರೀಕ್ಷಿಸಿದ್ದು

ಇಲಕಲ್ಲಿನ ನೂಲಿನ ವ್ಯಾಪಾರಿ ಯುನೂಸ ಎರಡೇ ಸಂಗತಿಗಳಿಗೆ ಅಂಜುತ್ತಾನೆ ಎಂದು ಪೇಟೆಯವರು ಹೇಳುತ್ತಾರೆ: ಮಳೆಗಾಲದಲ್ಲಿ ಗೋದಾಮಿನ ಸೋರಿಕೆಗೆ, ಹನ್ನೆರಡು ತಿಂಗಳೂ ಶೇಖವ್ವನಿಗೆ. ಸೋರಿಕೆಗೆ ತಾಡಪತ್ರಿ ಹೊದಿಸಬಹುದು. ಶೇಖವ್ವನಿಗೆ ಏನನ್ನೂ ಹೊದಿಸಲು ಬರುವುದಿಲ್ಲ.

ಹೊಸ ಬಣ್ಣದ ನೂಲು ಬಂದಿದೆಯೆಂದು ತಿಳಿದರೆ ಆಕೆ ಅಂಗಡಿಗೆ ಬಂದು ಒಂದೇ ಒಂದು ಲಡಿ ನೂಲಿನ ಸುರುಳಿ ಬೇಡುತ್ತಾಳೆ. ಮನೆಗೆ ಒಯ್ದು ಅದನ್ನು ಎರಡು ಪಾಲು ಮಾಡುತ್ತಾಳೆ. ಒಂದು ಪಾಲನ್ನು ಕುದಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆದು ಮಾಳಿಗೆಯ ಬಿಸಿಲಿಗೆ ಎಂಟು ದಿನ ಹರಡುತ್ತಾಳೆ. ಇನ್ನೊಂದು ಪಾಲು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಟ್ರಂಕಿನೊಳಗೆ ನಿದ್ರಿಸುತ್ತದೆ. ಒಂಬತ್ತನೆಯ ದಿನ ಎರಡನ್ನೂ ಅಂಗೈ ಮೇಲೆ ಅಕ್ಕಪಕ್ಕ ಮಲಗಿಸಿ ನೋಡಿ, ಆಮೇಲೆ ಮಾತು.

“ಶೇಖವ್ವಾರ, ಇದು ಕಂಪನಿ ಬಣ್ಣ ಐತ್ರಿ. ಗ್ಯಾರಂಟಿ ಕಾಗದಾ ಕೊಟ್ಟಾರ,” ಎಂದು ಯುನೂಸ ಪ್ರತಿಸಲ ಹೇಳುತ್ತಾನೆ.

“ನಮ್ಮ ಗಿರಾಕಿ ಸೀರಿ ತೊಳೀತಾರಪಾ, ಕಾಗದಾ ತೊಳಿಯೂದಿಲ್ಲ,” ಎಂದು ಶೇಖವ್ವ ಪ್ರತಿಸಲ ಉತ್ತರಿಸುತ್ತಾಳೆ.

ಈ ಹಟಕ್ಕೆ ಒಂದು ಇತಿಹಾಸವಿದೆ. ಮದುವೆಯಾಗಿ ಬಂದ ವರ್ಷ, ಆಕೆಗೆ ಹದಿನೆಂಟು. ಗಂಡ ಶಿವಸಂಗಪ್ಪ ನೇಯ್ದುಕೊಟ್ಟ ಒಂದು ಮದುವೆಯ ಸೀರೆ ಮೊದಲ ತೊಳೆತಕ್ಕೇ ಕೆಂಪು ಬಿಟ್ಟು, ಸೆರಗಿನ ಬಿಳಿಯೆಲ್ಲ ಗುಲಾಬಿಯಾಯಿತು. ಸೀರೆ ಕೊಂಡಿದ್ದವರು ಅದನ್ನು ಬಾಗಿಲಲ್ಲೇ ಇಟ್ಟು, ನೀರು ಸಹ ಕುಡಿಯದೆ ಹೋದರು. ಶಿವಸಂಗಪ್ಪ ಮಾತಿನವನಲ್ಲ, ಮೂರು ದಿನ ಊಟ ಬಿಟ್ಟ. ಅಂದಿನಿಂದ ಬಣ್ಣದ ಜವಾಬ್ದಾರಿಯನ್ನು ಶೇಖವ್ವ ತಾನು ವಹಿಸಿಕೊಂಡಳು. ಶಿವಸಂಗಪ್ಪ ತೀರಿಕೊಂಡು ಹನ್ನೊಂದು ವರ್ಷಗಳಾದವು. ಶೇಖವ್ವನ ಮನೆಯ ಸೀರೆ ಇಂದಿಗೂ ಬಣ್ಣ ಬಿಟ್ಟಿಲ್ಲ.

ಈಗ ಮನೆಯ ಕುಣಿಮಗ್ಗದಲ್ಲಿ ಕೂರುವವಳು ಸೊಸೆ ಮಹಾನಂದಾ. ಮಗ ವೀರೇಶ ವಿದ್ಯುತ್ ಮಗ್ಗಗಳನ್ನು ದುರಸ್ತಿ ಮಾಡುತ್ತ ಹುನಗುಂದ, ಗುಡೂರು ಎಂದು ತಿರುಗುತ್ತಾನೆ. ಇವರಿಬ್ಬರ ಮಗಳು ಅಂಜನಾ, ಏಳು ವರ್ಷದವಳು. ಹುಟ್ಟಿದ ನಾಲ್ಕನೆಯ ದಿನ ವೈದ್ಯರು ಡೌನ್ ಸಿಂಡ್ರೋಮ್ ಎಂದು ಹೇಳಿ, ಮೈಯ ಕಣಕಣದಲ್ಲೂ ಇರಬೇಕಾದ ವರ್ಣತಂತುಗಳಿಗಿಂತ ಒಂದು ಹೆಚ್ಚಿಗೆ ಇದೆಯೆಂದು ವಿವರಿಸಿದ್ದರು. ವೀರೇಶನೂ ಮಹಾನಂದಾಳೂ ಗೋಡೆ ನೋಡುತ್ತ ಕುಳಿತಿದ್ದಾಗ ಶೇಖವ್ವ ಮಾತ್ರ, “ಮಗ್ಗದ ಹಾಸಿನ್ಯಾಗ ಒಂದು ಎಳಿ ಹೆಚ್ಚಿಗಿ ಬಂದೈತಿ ಅಂತೀರೇನ್ರಿ? ಹಂಗಾದ್ರ ನೇಯೂದು ಸಾವಕಾಶ ಆಗ್ತೈತಿ. ಆಗ್ಲಿ. ನಮಗೇನ್ ಅವಸರ ಐತಿ?” ಎಂದಿದ್ದಳು.

ಅಂಜನಾ ನಿಜಕ್ಕೂ ಸಾವಕಾಶವಾಗಿಯೇ ನಡೆದಳು, ಸಾವಕಾಶವಾಗಿಯೇ ಮಾತಾಡಿದಳು. ಆದರೆ ಹುಕುಂ ಮಾಡುವುದನ್ನು ಮಾತ್ರ ಬಹಳ ಬೇಗ ಕಲಿತಳು. ಓಣಿಯ ಯಾವ ಮಗ್ಗದ ಮುಂದೆಯೂ ನಿಂತು “ಹೂಂ, ನೇಯಿ” ಎಂದು ಅಪ್ಪಣೆ ಕೊಡುವ ಅಧಿಕಾರ ಆಕೆಗಿತ್ತು. ನೇಕಾರರು ಕೈ ನಿಲ್ಲಿಸಿದ್ದರೆ, ಮತ್ತೆ ಆರಂಭಿಸುವವರೆಗೆ ಕದಲುತ್ತಿರಲಿಲ್ಲ.

ಇಂಥ ಮಗುವಿರುವ ಮನೆಗೆ ಸಲಹೆಗಳು ಬಿಟ್ಟಿಯಾಗಿ ಬರುತ್ತವೆ. ಒಬ್ಬರು ಅಮೀನಗಡದ ಕರದಂಟು ತಂದು, ಇದರಲ್ಲಿರುವ ಅಂಟು ಮತ್ತು ಉತ್ತತ್ತಿ ನರಗಳಿಗೆ ಬಲವೆಂದರು. ಇನ್ನೊಬ್ಬರು ಬಾದಾಮಿ ನೆನೆಸಿ ಸಿಪ್ಪೆ ತೆಗೆದು ಅರೆಯಲು ಹೇಳಿದರು. ಶೇಖವ್ವ ಎಲ್ಲರ ಮಾತಿಗೂ ತಲೆಯಾಡಿಸಿ, ಕರದಂಟನ್ನು ತಾನೂ ತಿಂದು ಮೊಮ್ಮಗಳಿಗೂ ತಿನ್ನಿಸಿ, ವಿಷಯವನ್ನು ಅಲ್ಲಿಗೆ ಮುಗಿಸುತ್ತಿದ್ದಳು.

ಮುಗಿಯದೆ ಉಳಿದದ್ದು ದೀಪಕನ ಡಬ್ಬಿ. ದೀಪಕ ಮಹಾನಂದಾಳ ಸೋದರಮಾವನ ಮಗ, ಗುಡೂರಿನವನು. ಮೊದಲು ಮೊಬೈಲ್ ರಿಪೇರಿ ಮಾಡುತ್ತಿದ್ದವನು ಈಗ ಕೊರಳಿಗೆ ಟೈ ಕಟ್ಟಿಕೊಂಡು ಪೌಷ್ಟಿಕ ಪುಡಿಗಳನ್ನು ಮಾರುತ್ತಿದ್ದ. ಚೈತ್ರದ ಬಿಸಿಲಿನಲ್ಲೂ ಟೈ ಸಡಿಲಿಸದವನ ಮಾತಿನಲ್ಲಿ ಏನೋ ಸತ್ಯವಿರಬೇಕೆಂದು ಮಹಾನಂದಾಳಿಗೆ ಅನ್ನಿಸಿತು.

“ಇದು ಇಂಥಾ ಮಕ್ಕಳ ಸಲುವಾಗಿನ ಮಾಡಿದ್ದು, ಅಕ್ಕಾ. ಇಪ್ಪತ್ತೆಂಟು ಪೋಷಕಾಂಶ ಅದಾವು. ಮಿದುಳು ಚುರುಕಾಗ್ತೈತಿ, ಮಾತು ಸ್ಪಷ್ಟ ಆಗ್ತಾವು.”

ಶೇಖವ್ವ ಡಬ್ಬಿಯನ್ನು ತಿರುಗಿಸಿ ನೋಡಿದಳು. “ನೀ ತಿಂತೀಯೇನಪಾ ಇದನ್ನ?”

“ನಾ ಯಾಕ ತಿನ್ಲಿ ಅತ್ತಿ? ಇದು ಸಣ್ಣ ಮಕ್ಕಳಿಗೆ.”

“ಅಲ್ಲ, ಚುರುಕಾಗೂದು ಯಾರಿಗೆ ಬ್ಯಾಡಾಗಿರ್ತೈತಿ ಅಂತ ಕೇಳ್ದೆ.”

ದೀಪಕ ನಕ್ಕ. ಮಹಾನಂದಾ ನಗಲಿಲ್ಲ. ರಾತ್ರಿ ರೊಟ್ಟಿ ಬಡಿಯುವಾಗ ಆಕೆ ಅತ್ತೆಯ ಕಡೆ ತಿರುಗದೆಯೇ ಹೇಳಿದಳು: “ನಾಳೆ ಇಕಿ ದೊಡ್ಡಾಕಿ ಆದಮ್ಯಾಲ, ನನ್ನವ್ವ ಒಂದು ಡಬ್ಬಿ ಪುಡಿ ಸೈತ ಕೊಡಿಸಲಿಲ್ಲ ಅನ್ನಬಾರದ್ರಿ ಅತ್ತಿ.” ಡಬ್ಬಿ ಅಡುಗೆಮನೆಯ ಗೋಡೆಯ ಮಾಡದಲ್ಲಿ ಪ್ರತಿಷ್ಠಾಪನೆಗೊಂಡಿತು.

ಇಲ್ಲೊಂದು ಸಂಗತಿ ಹೇಳಬೇಕು. ಅಂಜನಾಳಿಗೆ ಎರಡು ವರ್ಷಗಳಿಂದ ಥೈರಾಯ್ಡಿನ ಗುಳಿಗೆ ನಡೆಯುತ್ತಿತ್ತು. ದಿನವೂ ಬೆಳಗ್ಗೆ ಖಾಲಿ ಹೊಟ್ಟೆಗೆ ಕೊಡಬೇಕೆಂದು ಬಾಗಲಕೋಟೆಯ ಮಕ್ಕಳ ವೈದ್ಯೆ ಶುಭದಾ ತಾಕೀತು ಮಾಡಿದ್ದರು. ಪುಡಿಯ ಡಬ್ಬಿಯ ಮೇಲೂ ‘ಬೆಳಗ್ಗೆ ಖಾಲಿ ಹೊಟ್ಟೆಗೆ, ಬಿಸಿನೀರಿನಲ್ಲಿ’ ಎಂದೇ ಬರೆದಿತ್ತು. ಗುಳಿಗೆಯನ್ನು ಉಗುಳುವುದರಲ್ಲಿ ಅಂಜನಾ ನಿಸ್ಸೀಮಳು. ಚಾಕಲೇಟಿನ ವಾಸನೆಯ ಪುಡಿಯನ್ನು ಮಾತ್ರ ಲೋಟ ನೆಕ್ಕಿ ಮುಗಿಸುತ್ತಿದ್ದಳು. ಮಹಾನಂದಾ ಗುಳಿಗೆಯನ್ನು ಅರೆದು ಪುಡಿಯ ಲೋಟದಲ್ಲೇ ಕದಡಿದಳು. ಎರಡೂ ಔಷಧ, ಎರಡೂ ಖಾಲಿ ಹೊಟ್ಟೆಗೆ, ಜಗಳವೂ ಇಲ್ಲ. ಪುಡಿಯನ್ನು ಊಟವೆಂದು ಆಕೆ ಎಣಿಸಿರಲೇ ಇಲ್ಲ.

ಎರಡು ತಿಂಗಳ ನಂತರ ಬಾಗಲಕೋಟೆಯಲ್ಲಿ ರಕ್ತ ಪರೀಕ್ಷೆಯಾಯಿತು. ವರದಿ ನೋಡಿದ ಶುಭದಾ ಕನ್ನಡಕವನ್ನು ತಲೆಯ ಮೇಲೇರಿಸಿದರು.

“ಥೈರಾಯ್ಡ್ ಅಂಕಿ ಯಾಕ ಇಷ್ಟು ಏರೇದ? ಗುಳಿಗಿ ತಪ್ಪಿಸೀರೇನು?”

“ಒಂದಿನಾನೂ ತಪ್ಪಿಸಿಲ್ರಿ ಮೇಡಂ.”

“ಖಾಲಿ ಹೊಟ್ಟಿಗೇ ಕೊಡ್ತೀರಿ ಹೌದಲ್ಲೋ?”

“ಖಾಲಿ ಹೊಟ್ಟಿಗೇ ರೀ.”

ಅದು ಸುಳ್ಳಲ್ಲ. ಪುಡಿಯ ಮಾತನ್ನು ಮಾತ್ರ, ಬೈದಾರೆಂಬ ಅಂಜಿಕೆಗೆ, ಮಹಾನಂದಾ ನುಂಗಿಕೊಂಡಳು. ಶುಭದಾ ವರದಿಯನ್ನು ಮಡಚಿ, “ಡೋಸ್ ಹೆಚ್ಚು ಮಾಡೋಕಿಂತ ಮೊದಲ ಇನ್ನೂ ಆರು ವಾರ ನೋಡೋಣು. ಸರಿಯಾಗಿ ಕೊಟ್ಟು ಕರಕೊಂಡು ಬರ್ರಿ,” ಎಂದರು. ಹೊರಗೆ ಬಂದ ಕೂಡಲೇ ಮಹಾನಂದಾಳ ಫೋನು ರಿಂಗಣಿಸಿತು. ದೀಪಕ. ಇನ್ನು ಒಂದೂವರೆ ತಿಂಗಳೊಳಗೆ ಆರು ತಿಂಗಳಿನ ಪೂರ್ಣ ಕೋರ್ಸು ಬುಕ್ ಮಾಡಿದರೆ ಮಾತ್ರ ಪುಡಿ ತನ್ನ ನಿಜವಾದ ಗುಣ ತೋರಿಸುತ್ತದೆಯೆಂದು ಆತ ಹೇಳಿದ. “ಮುಂದಿನ ರಿಪೋರ್ಟ್ ನೋಡಿ ಹೇಳ್ತೇನಿ,” ಎಂದಳು ಮಹಾನಂದಾ.

ಅವರ ಜೊತೆ ಬಂದಿದ್ದ ಶೇಖವ್ವ ಬಸ್ಸಿನ ಕಿಟಕಿಯ ಬಳಿ ಕುಳಿತು, ಈ ಎರಡು ತಿಂಗಳಲ್ಲಿ ಮನೆಗೆ ಹೊಸದಾಗಿ ಬಂದದ್ದು ಏನೆಂದು ಲೆಕ್ಕ ಹಾಕಿದಳು. ಮರುದಿನ ನೇರ ಯುನೂಸನ ಅಂಗಡಿಗೆ ಹೋದಳು.

“ಯುನೂಸ, ಒಂದ ಲಡಿ ಐತಿ ಅಂತ ತಿಳಿ. ಅದನ್ನ ಎರಡು ಪಾಲು ಮಾಡಾಕ ಬರೂದಿಲ್ಲ. ಹೆಂಗ ಪರೀಕ್ಷಾ ಮಾಡ್ತಿ?”

ಎಂಟು ದಿನಗಳ ಕಾಯುವಿಕೆಯಿಂದ ಪಾರಾಗುವ ದಾರಿ ಸಿಕ್ಕೀತೆಂಬ ಆಸೆಯಿಂದ ಯುನೂಸ ಉತ್ಸಾಹದಿಂದ ಯೋಚಿಸಿದ. “ಪಾಲು ಮಾಡೂದ್ಯಾಕ್ರಿ? ಸ್ವಲ್ಪ ದಿನಾ ಬಿಸಲಾಗ ಇಡ್ರಿ, ಸ್ವಲ್ಪ ದಿನಾ ನೆಳ್ಳಾಗ ಇಡ್ರಿ. ನೋಡಿ ಬರದಿಟ್ಕೋರಿ.”

“ಬಿಸಲಾಗ ಎರಡು ತಿಂಗಳ ಆಗೈತಿ,” ಎಂದು ಗೊಣಗಿ ಶೇಖವ್ವ ಎದ್ದಳು. ಯಾವ ನೂಲೆಂದು ಯುನೂಸನಿಗೆ ಇಂದಿಗೂ ತಿಳಿದಿಲ್ಲ.

ಆ ಮಧ್ಯಾಹ್ನ ಮಹಾನಂದಾ ಮಗ್ಗದಲ್ಲಿದ್ದಾಗ ಅಡುಗೆಮನೆಯಲ್ಲಿ ಪುಠಾಣಿಯನ್ನು, ಅಂದರೆ ಹುರಿಗಡಲೆಯನ್ನು, ಮತ್ತೆ ಹುರಿಯುವ ಘಮ ಎದ್ದಿತು. ಪುಡಿಯ ಒಂದು ಚಿಟಿಕೆಯನ್ನು ಬಿಳಿ ತಟ್ಟೆಯ ಅಂಚಿಗೆ ಮಾದರಿಯಾಗಿ ಇಟ್ಟುಕೊಂಡು, ಶೇಖವ್ವ ಪುಠಾಣಿಯನ್ನು ಹುರಿದಳು, ಬೀಸಿದಳು, ಹೋಲಿಸಿದಳು. ಬಣ್ಣ ತೆಳುವಾಯಿತು. ಮತ್ತಷ್ಟು ಹುರಿದಳು, ಈ ಸಲ ಕಪ್ಪಾಯಿತು. ನಲವತ್ತನಾಲ್ಕು ವರ್ಷ ಬಣ್ಣ ನೋಡಿದ ಕಣ್ಣು ಮೂರನೆಯ ಹದಕ್ಕೆ ಒಪ್ಪಿತು. ಬೆಲ್ಲ, ಏಲಕ್ಕಿ, ಕಿರಾಣಿ ಅಂಗಡಿಯ ಒಂದು ಸಣ್ಣ ಪೊಟ್ಟಣ ಚಾಕಲೇಟ್ ಪುಡಿ. ಈ ಮಿಶ್ರಣ ದೀಪಕನ ಡಬ್ಬಿಗೆ ಹೋಯಿತು. ನಿಜವಾದ ಪುಡಿಯನ್ನು ಆಕೆ ಚೆಲ್ಲಲಿಲ್ಲ. ಸ್ಟೀಲಿನ ಡಬ್ಬಿಗೆ ತುಂಬಿ ಜೋಳದ ಕಣಜದ ಹಿಂದೆ ಇಟ್ಟಳು. ಚೆಲ್ಲಿದರೆ ಅದು ತೀರ್ಮಾನವಾಗುತ್ತಿತ್ತು. ಆಕೆ ಮಾಡುತ್ತಿದ್ದುದು ಪರೀಕ್ಷೆ.

ಎಲ್ಲವನ್ನೂ ಅಂಜನಾ ಪಕ್ಕದಲ್ಲಿ ಕುಳಿತು ನೋಡಿದಳು, ಒಂದು ಹಿಡಿ ಪುಠಾಣಿಯನ್ನು ಲಂಚವಾಗಿ ಪಡೆದಳು.

ಸಂಜೆ ಶೇಖವ್ವ ಸೊಸೆಗೆ ಹೇಳಿದಳು: “ಮುಂಜಾನೆ ಗುಳಿಗಿ-ಪುಡಿ ನಾ ನೋಡ್ಕೋತೇನಿ. ನೀ ಹೊತ್ತಿಗೆ ಮಗ್ಗಕ್ಕ ಕೂಡು, ಬಾದಾಮಿ ಊರವರ ಸೀರಿ ಕೊಡೂದೈತಿ.” ಮಹಾನಂದಾಳಿಗೆ ಅತ್ತೆಯೂ ಕೊನೆಗೆ ಪುಡಿಗೆ ಒಲಿದಳೆಂದು ಸಂತೋಷವೇ ಆಯಿತು.

ಆದರೆ ಶೇಖವ್ವನ ಲೆಕ್ಕದಲ್ಲಿ ಪುಠಾಣಿ ಹಿಟ್ಟು ಹಿಟ್ಟೇ, ಗುಳಿಗೆ ಗುಳಿಗೆಯೇ. ಖಾಲಿ ಹೊಟ್ಟೆ ಎಂದಮೇಲೆ ಹಿಟ್ಟು ಕದಡುವಂತಿಲ್ಲ. ಆದ್ದರಿಂದ ಎದ್ದ ಕೂಡಲೇ ಗುಳಿಗೆಯನ್ನು ಒಂದು ಚಮಚ ನೀರಿನಲ್ಲಿ ಕರಗಿಸಿ, ಅಂಜನಾಳ ಮೂಗು ಹಿಡಿದು, “ನುಂಗಿದ್ರ ನನ್ನ ಮೂಗು ನೀ ಹಿಡೀಬೇಕು” ಎಂದು ಒಪ್ಪಂದ ಮಾಡಿಕೊಂಡು ಕುಡಿಸುತ್ತಿದ್ದಳು. ಅಂಜನಾ ತನ್ನ ಸರದಿಯನ್ನು ಬಹಳ ಹೊತ್ತು ಅನುಭವಿಸುತ್ತಿದ್ದಳು. ಜಳಕ, ಹೆರಳು, ಓಣಿಯ ಮಗ್ಗಗಳ ತಪಾಸಣೆ ಎಲ್ಲ ಮುಗಿದು ಒಂದು ತಾಸಾದ ಮೇಲೆ ಹಿಟ್ಟಿನ ಲೋಟ.

ಪುಡಿಯ ಪ್ರಭಾವ ಎಲ್ಲರಿಗೂ ಕಾಣತೊಡಗಿತು. “ಕೂದಲಾ ದಟ್ಟ ಆಗ್ಯಾವು ನೋಡವಾ,” ಎಂದ ವೀರೇಶ. ಎದುರು ಮನೆಯ ನಿಖತಳಿಗೆ ಮುಖದಲ್ಲಿ ಹೊಳಪು ಕಂಡಿತು. ಅಂಜನಾ ಒಂದು ದಿನ ತನ್ನ ಆಯಿ ಶೇಖವ್ವನ ಕನ್ನಡಕವನ್ನು ಅಕ್ಕಿಯಲ್ಲಿ ಹೂತಿಟ್ಟು, ಇನ್ನೊಂದು ಕೋಣೆಯಲ್ಲಿ ಹುಡುಕುವ ನಟನೆ ಮಾಡಿದಾಗ ಮಹಾನಂದಾ ಕಣ್ಣು ಒದ್ದೆ ಮಾಡಿಕೊಂಡು, “ಮಿದುಳು ಚುರುಕಾತು ನೋಡ್ರಿ ಅತ್ತಿ!” ಎಂದಳು. ಕನ್ನಡಕವಿಲ್ಲದೆ ಅರ್ಧ ದಿನ ಕಳೆದಿದ್ದ ಶೇಖವ್ವನಿಗೆ ಅದನ್ನು ಅಲ್ಲಗಳೆಯಲಾಗಲಿಲ್ಲ.

ದೀಪಕ ವಿಡಿಯೊ ತೆಗೆಯಲು ಬಂದ. ಡಬ್ಬಿಯನ್ನು ಅಂಜನಾಳ ಕೈಗೆ ಕೊಟ್ಟು, ತಾನೂ ಒಂದು ಚಮಚ ಬಾಯಿಗೆ ಹಾಕಿಕೊಂಡು ಮೊಬೈಲಿನ ಎದುರು ಕಣ್ಣರಳಿಸಿದ: “ಒರಿಜಿನಲ್ ಮಾಲಿನ ರುಚೀನ ಬ್ಯಾರೆ ಇರ್ತೈತ್ರಿ! ಡುಪ್ಲಿಕೇಟ್ ಆದ್ರ ನನಗ ವಾಸನಿ ಮ್ಯಾಲ ಗೊತ್ತಾಗ್ತೈತಿ.”

“ಇನ್ನೊಂದು ಚಮಚಾ ತಿನ್ನಪಾ,” ಎಂದಳು ಶೇಖವ್ವ ಪ್ರೀತಿಯಿಂದ.

ನಗೆಯೆಲ್ಲ ಹಗಲಿನದು. ನಾಲ್ಕನೆಯ ವಾರ ಅಂಜನಾಳಿಗೆ ನೆಗಡಿ, ಕೆಮ್ಮು, ಮೈ ಬಿಸಿ. ರಾತ್ರಿ ಶೇಖವ್ವ ಜೋಳದ ಕಣಜದ ಹಿಂದಿನಿಂದ ಸ್ಟೀಲಿನ ಡಬ್ಬಿಯನ್ನು ಹೊರತೆಗೆದು, ಮುಚ್ಚಳ ಬಿಚ್ಚಿ, ಚಮಚ ಹಿಡಿದು ನಿಂತಳು. ಇದರಲ್ಲಿ ನಿಜವಾಗಿಯೂ ಏನೋ ಇದ್ದು, ತಾನೇ ಅದನ್ನು ಕೂಸಿನ ಬಾಯಿಂದ ಕಸಿದಿದ್ದರೆ? ನೂಲು ಕೆಟ್ಟರೆ ಯುನೂಸ ಬೇರೆ ಲಡಿ ಕೊಡುತ್ತಾನೆ. ಅಷ್ಟರಲ್ಲಿ ಎದುರು ಮನೆಯಿಂದ ನಿಖತಳ ಇಬ್ಬರು ಮಕ್ಕಳು ಒಬ್ಬರಾದ ಮೇಲೊಬ್ಬರು ಕೆಮ್ಮುವುದು ಕೇಳಿಸಿತು. ಆಚೆ ಮನೆಯಲ್ಲಿ ಮತ್ತೊಂದು ಕೆಮ್ಮು. ಓಣಿಗೆ ಓಣಿಯೇ ಕೆಮ್ಮುತ್ತಿತ್ತು. ಶೇಖವ್ವ ಬಹಳ ಹೊತ್ತು ಕಿವಿಗೊಟ್ಟು ನಿಂತು, ಮುಚ್ಚಳ ಹಾಕಿ, ಡಬ್ಬಿಯನ್ನು ಮರಳಿ ಇಟ್ಟಳು. ಐದನೆಯ ದಿನ ಅಂಜನಾ ಎದ್ದು ಮಗ್ಗಗಳ ತಪಾಸಣೆಗೆ ಹೋದಳು.

ಆರು ವಾರ ಮುಗಿದು ಮೂವರೂ ಮತ್ತೆ ಬಾಗಲಕೋಟೆಗೆ ಹೋದರು. ಈ ಸಲ ಮಹಾನಂದಾ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡಿದ್ದಳು. ವರದಿ ಒಳ್ಳೆಯದು ಬಂದರೆ ವೈದ್ಯರಿಗೆ ಹೇಳಿಯೇಬಿಡುವುದೆಂದು ನಿರ್ಧರಿಸಿದ್ದಳು.

ವರದಿ ಒಳ್ಳೆಯದೇ ಬಂದಿತ್ತು. “ಭಾಳ ಛಲೋ ಆತು,” ಎಂದರು ಶುಭದಾ. “ಥೈರಾಯ್ಡ್ ಅಂಕಿ ಇರಬೇಕಾದಲ್ಲೇ ಅದ. ಡೋಸ್ ಹೆಚ್ಚು ಮಾಡೋದು ಬ್ಯಾಡ.”

ಮಹಾನಂದಾ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು. “ಎಲ್ಲಾ ಇದರದ್ರಿ ಮೇಡಂ. ಮೊದಲ ಹೇಳಾಕ ಅಂಜಿದ್ದೆ. ಮೂರೂವರಿ ತಿಂಗಳಾತು ಕೊಡಾಕ ಹತ್ತಿ. ಗುಳಿಗಿ ಜೋಡೀನ ಕದಡಿ ಕೊಡ್ತೇವಿ.”

ಶುಭದಾ ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದರು. ಹುಬ್ಬು ಗಂಟಾಯಿತು. “ಇದು ಆಗೂ ಮಾತಲ್ಲ. ಇದರಾಗ ಕಬ್ಬಿಣ ಅದ, ಕ್ಯಾಲ್ಶಿಯಂ ಅದ. ಗುಳಿಗಿ ಜೋಡಿ ಹೊಟ್ಟಿಗೆ ಹೋದ್ರ ಗುಳಿಗಿ ಮೈಗೆ ಹತ್ತಗೊಡೂದಿಲ್ಲ. ಹೋದ ಸಲ ಅಂಕಿ ಏರಿದ್ದು ಇದಕ್ಕ ಇರಬೇಕು. ಖರೆ, ಇದನ್ನ ಹಂಗ ಕೊಟ್ಟಿದ್ರ ಈ ಸಲಾನೂ ಏರೇ ಇರಬೇಕಿತ್ತಲ್ಲ. ಇದೆಂಥಾ ಸೋಜಿಗ?”

ಕುರ್ಚಿಯ ಮೇಲೆ ಮೊಣಕಾಲೂರಿ ನಿಂತಿದ್ದ ಅಂಜನಾ, ಇಷ್ಟು ಸರಳ ವಿಷಯಕ್ಕೆ ದೊಡ್ಡವರು ತಲೆ ಕೆಡಿಸಿಕೊಂಡದ್ದನ್ನು ನೋಡಲಾಗದೆ, ಡಬ್ಬಿಯ ಮೇಲೆ ಬಡಿದು ಹೇಳಿದಳು: “ಪುಠಾಣಿ!”

“ಏನು?”

“ಪುಠಾಣಿ! ಆಯಿ ಹುರಿದ್ಳು!”

ಎಲ್ಲರ ಕಣ್ಣೂ ಶೇಖವ್ವನ ಮೇಲೆ ಬಿದ್ದವು. ಆಕೆ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು. ಗಿರಾಕಿಯ ಎದುರು ಸೀರೆಯ ಮಡಿಕೆ ಬಿಚ್ಚಿ ತೋರಿಸುವಾಗಿನ ಗಾಂಭೀರ್ಯದಿಂದ, ಬಿಸಿಲು, ನೆರಳು, ಸ್ಟೀಲಿನ ಡಬ್ಬಿ, ಒಂದು ಚಮಚ ನೀರು ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಶುಭದಾ ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು, ಆಮೇಲೆ ತಡೆಯಲಾರದೆ ನಕ್ಕರು. ನಗು ಮುಗಿಸಿಕೊಂಡು ಸೊಸೆಯ ಕಡೆ ತಿರುಗಿದರು.

“ಮಹಾನಂದಾ, ಇಂಥ ಮಕ್ಕಳ ಬುದ್ಧಿ ಹೆಚ್ಚು ಮಾಡ್ತದ ಅಂತ ಮಾರೋ ಪುಡಿಗೆ ಗಟ್ಟಿ ಆಧಾರ ಇಲ್ಲ. ಪುಠಾಣಿಗೂ ಇಲ್ಲ ಮತ್ತ, ಆಯೀನೂ ಕೇಳ್ಕೋಬೇಕು! ಕೆಲಸಾ ಮಾಡಿದ್ದು ಗುಳಿಗಿ. ಉಳಿದದ್ದು ಹುಡುಗಿ ತಾನ ಕಲೀಲಿಕ್ಕೆ ಹತ್ಯಾಳ. ರಕ್ತದಾಗ ಏನರ ಕಡಿಮಿ ಇದ್ರ ನಾನ ಬರದುಕೊಡ್ತೇನಿ. ಈಗ ನೋಡ್ರಿ, ಡಿ ಜೀವಸತ್ವ ಸ್ವಲ್ಪ ಕಡಿಮಿ ಅದ. ಅದಕ್ಕ ಈ ಹನಿ. ಊಟಾದ ಮ್ಯಾಲ ಕೊಡ್ರಿ.”

ಮಹಾನಂದಾ ಚೀಟಿಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡಳು. ಮೂವರೂ ಬಾಗಲಕೋಟೆಯ ನವನಗರದ ಬಸ್ ನಿಲ್ದಾಣಕ್ಕೆ ಬಂದರು. ಕಲ್ಲುಬೆಂಚಿನ ಮೇಲೆ ಕುಳಿತ ಮೇಲೆ ಆಕೆ ಅತ್ತೆಯನ್ನು ಕೇಳಿದಳು.

“ನನಗೊಂದು ಮಾತು ಹೇಳಾಕ ಏನಾಗಿತ್ರಿ ನಿಮಗ?”

“ಹೇಳಿದ್ರ ಪರೀಕ್ಷಾ ಎಲ್ಲಿ ಆಗ್ತಿತ್ತು? ನೀ ತಾಯಿ. ಇದ್ದದ್ದೂ ಕಾಣ್ತಿದ್ದಿ, ಇಲ್ಲದ್ದೂ ಕಾಣ್ತಿದ್ದಿ.”

“ಅಂದ್ರ ನನ್ನೂ ತೊಳದು ಬಿಸಲಿಗೆ ಹರವಿದ್ರಿ.”

ಶೇಖವ್ವನಿಗೆ ಈ ಮಾತು ನಾಟಿತು. “ಹೌದವಾ,” ಎಂದಳು. “ಅದು ತಪ್ಪಾತು. ನಡುವ ಕೂಸಿಗೆ ಜ್ವರಾ ಬಂದಾಗ ಆ ಡಬ್ಬಿ ತಗದು ಚಮಚಾ ಹಿಡದು ನಿಂತಿದ್ದೆ. ಯಾರ ಮುಂದ ಹೇಳ್ಲಿ? ನಿನಗ ಹೇಳಿದ್ರ ಇಬ್ಬರೂ ಕೂಡಿ ಅಂಜತಿದ್ವಿ, ಅಷ್ಟರ ಸಮಾಧಾನ ಇರ್ತಿತ್ತು.”

ಮಹಾನಂದಾ ಚೀಟಿಯನ್ನು ಬಿಚ್ಚಿದಳು, ಮತ್ತೆ ಮಡಚಿದಳು. “ನನಗೂ ಆ ಪುಡಿ ಮ್ಯಾಲ ಪೂರಾ ನಂಬಿಕಿ ಇರಲಿಲ್ಲರಿ. ಏನೂ ಮಾಡದ ಕುಂತೇನಿ ಅನ್ನೂದು ತಡಕೊಳ್ಳಾಕ ಆಗ್ತಿರಲಿಲ್ಲ.”

“ಏನೂ ಮಾಡಿಲ್ಲ? ಒಂದ ಅಕ್ಷರಾ ಹೇಳಿಕೊಡಾಕ ದಿನಾ ಮಗ್ಗಾ ನಿಲ್ಲಸಿ ಎಷ್ಟೊತ್ತು ಕೂಡ್ತಿ ಅಂತ ನಾ ನೋಡಿಲ್ಲೇನು? ಬಾದಾಮಿಯವರ ಸೀರಿ ಯಾಕ ತಡಾ ಆತು ಮತ್ತ?”

ಫೋನು ರಿಂಗಣಿಸಿತು. ದೀಪಕನಿಗೆ ದಿನಾಂಕ ನೆನಪಿತ್ತು. “ಅಕ್ಕಾ, ರಿಪೋರ್ಟ್ ಛಲೋ ಬಂದಿರಬೇಕಲ್ಲ? ಆರು ತಿಂಗಳಿಂದು ಬರಕೊಳ್ಲೇನು?”

“ಬ್ಯಾಡೋ ದೀಪಕ. ಇದೂ ಬ್ಯಾಡ, ಮುಂದೂ ಬ್ಯಾಡ,” ಎಂದಳು ಮಹಾನಂದಾ. “ಆ ವಿಡಿಯೊ ಅಷ್ಟು ಅಳಿಸಿಬಿಡು. ಯಾಕಂತ ಅತ್ತಿ ಹೇಳ್ತಾರ, ಮನಿಗೆ ಬಾ. ಟೈ ಬಿಚ್ಚಿಟ್ಟು ಬಾ.”

ಫೋನಿಟ್ಟ ಮೇಲೆ ಆಕೆ ಅತ್ತೆಯತ್ತ ತಿರುಗಿದಳು. “ಇನ್ನ ಮ್ಯಾಲ ಇಕಿ ಬಾಯಿಗೆ ಏನ ಹೋದ್ರೂ ನಿಮಗೂ ಗೊತ್ತಿರಬೇಕು, ನನಗೂ ಗೊತ್ತಿರಬೇಕು. ಮಾತು ಕೊಡ್ರಿ.”

“ಕೊಟ್ಟೆ,” ಎಂದಳು ಶೇಖವ್ವ. ಮಾತು ಕೊಟ್ಟ ಮೇಲೆ ಅದು ಒಳಗೆ ಚುಚ್ಚತೊಡಗಿತು. “ಹಂಗಾದ್ರ ಇನ್ನೊಂದು ಹೇಳೂದೈತಿ.”

“ಮತ್ತೇನ್ರಿ?”

“ದಿನಾ ನಾಕಕ್ಕ ನಾ ಚಾ ಕುಡೀತೇನಲ್ಲ, ಅದರಾಗ ಇಕೀದೂ ಪಾಲೈತಿ. ಸಣ್ಣ ಬಟ್ಟಲದಾಗ. ಸ್ವಲ್ಪ.”

“ಚಾ? ಎಷ್ಟು ದಿನದಿಂದ?”

ಪ್ರಶ್ನೆ ತನಗೇ ಎಂದು ತಿಳಿದ ಅಂಜನಾ ಬೆರಳು ಮಡಚಿ ಎಣಿಸತೊಡಗಿದಳು. ತನ್ನ ಹತ್ತು ಮುಗಿದ ಮೇಲೆ ಆಯಿಯ ಕೈಗಳನ್ನು ಎಳೆದುಕೊಂಡಳು. ಅವೂ ಮುಗಿದವು. ಇನ್ನೂ ಸಾಲದೆ, ಆಕೆ ಅವ್ವನ ಮಡಿಲಿನತ್ತ ನೋಡಿ, ಚೀಟಿಯನ್ನು ಪಕ್ಕಕ್ಕಿಡುವಂತೆ ಸನ್ನೆ ಮಾಡಿದಳು. ಮಹಾನಂದಾ ತುಟಿ ಕಚ್ಚಿ ನಗು ತಡೆದುಕೊಂಡು, ಚೀಟಿಯನ್ನು ಅತ್ತೆಯ ಕೈಗಿತ್ತು, ತನ್ನ ಎರಡೂ ಕೈಗಳನ್ನು ಮಗಳ ಮುಂದೆ ಚಾಚಿದಳು.